ಕಲ್ಲುಮನೆ, ಕೌದಿ ಮತ್ತು ಎರಡು ಬಗೆಯ ಸ್ಪೀಕರ್: ಯಾದಗಿರಿ, ಶಹಾಪುರ, ಸುರಪುರದ ಪಡಸಾಲೆಗಳನ್ನು ಕುರಿತು ಒಂದು ಸಂಶೋಧನಾ ಟಿಪ್ಪಣಿ

ಸುರಪುರದ ರಂಗಂಪೇಟೆಯ ಹಳೆಯ ಮಾಳಿಗೆ ಮನೆಯೊಂದರಲ್ಲಿ ಕೂತು ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆ ಕೇಳುತ್ತಿದ್ದಾಗ ಈ ಟಿಪ್ಪಣಿಯ ಪ್ರಶ್ನೆ ಹುಟ್ಟಿತು. ಸ್ಪೀಕರ್ ಜೋಡಿ ಒಳ್ಳೆಯದೇ ಇತ್ತು. ಕಲ್ಲುಗೋಡೆಯಲ್ಲಿ ಕಟ್ಟುವಾಗಲೇ ಬಿಟ್ಟಿದ್ದ ಎರಡು ದೊಡ್ಡ ಮಾಡಗಳಲ್ಲಿ ಅವನ್ನು ಕೂಡಿಸಿದ್ದರು. ತಂಬೂರಿ ಶುರುವಾದ ಕೂಡಲೆ ಗೋಡೆಯೇ ಗುಂಯ್‌ಗುಟ್ಟುತ್ತಿತ್ತು. ತಾನ ಓಡಿದಾಗ ಸ್ವರದ ಮೇಲೆ ಸ್ವರ ಬಿದ್ದು ಕಲಸಿಹೋಗುತ್ತಿತ್ತು. ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ತರಿಸಿದರೆ ಇದು ಸರಿಹೋದೀತೇ ಎಂದು ಮನೆಯ ಹುಡುಗ ಕೇಳಿದ. ಬಾಗಿಲ ಬಳಿ ಕೂತಿದ್ದ ಅವನ ಕಾಕಾ ನಡುವೆ ಬಾಯಿ ಹಾಕಿದರು: “ತಮ್ಮಾ, ಡಬ್ಬಿ ಬದಲ್ ಮಾಡೂದು ಆಮ್ಯಾಲಾಗ್ಲಿ. ಮೊದಲ ಆ ಗ್ವಾಡಿಗಿ ಒಂದು ಕೌದಿ ಹಾಕು. ಹಬ್ಬದಾಗ ಮನಿ ತುಂಬ ಮಂದಿ ಇದ್ದಾಗ ಇದೇ ಡಬ್ಬಿ ಎಷ್ಟು ಚಂದ ಕೇಳಸ್ತದ ನೋಡು.”

ಹುಡುಗನ ಪ್ರಶ್ನೆ, ಕಾಕಾನ ಮಾತು ಎರಡನ್ನೂ ಲೆಕ್ಕಕ್ಕೆ ಹಚ್ಚಿ ನೋಡುವುದು ಇಲ್ಲಿನ ಉದ್ದೇಶ. ಸ್ಪೀಕರ್‌ಗಳ ಬಗ್ಗೆ ಬಂದಿರುವ ಬರವಣಿಗೆಯಲ್ಲಿ ಬಹುಪಾಲು ಇಂಗ್ಲೆಂಡ್, ಅಮೆರಿಕದ ಮನೆಗಳಲ್ಲಿ ಕೂತು ಬರೆದದ್ದು. ಮರದ ಚೌಕಟ್ಟು, ಜಿಪ್ಸಮ್ ಹಲಗೆಯ ಗೋಡೆ, ನೆಲಕ್ಕೆ ದಪ್ಪ ಕಾರ್ಪೆಟ್ ಇರುವ ಮನೆಗಳವು. ನಮ್ಮ ಭಾಗದ ಮನೆಗೆ ಎರಡಡಿ ದಪ್ಪದ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಪರ್ಸಿ, ತಲೆಯ ಮೇಲೆ ಜಂತಿ ಹಾಕಿದ ಮಣ್ಣಿನ ಮಾಳಿಗೆ, ಇಲ್ಲವೇ ಈಚಿನ ಕಾಂಕ್ರೀಟು. ಅಲ್ಲಿ ಬಂದ ತೀರ್ಪನ್ನು ಇಲ್ಲಿ ಹಾಗೆಯೇ ಒಪ್ಪಿಕೊಳ್ಳಲು ಬರುವುದಿಲ್ಲ.

ಮೊದಲು ಎರಡರ ಕೆಲಸದ ಬಗೆ. ಮಾಮೂಲಿ ಡಬ್ಬಿ ಸ್ಪೀಕರಿನಲ್ಲಿ ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿಯೊಂದು ಹಿಂದೆ ಮುಂದೆ ಆಡುತ್ತದೆ. ಅದು ಕಾಗದದ ಕೋನನ್ನು ತಳ್ಳುತ್ತದೆ, ಕೋನು ಗಾಳಿಯನ್ನು ತಳ್ಳುತ್ತದೆ. ಇಂದಿನ ರೂಪದಲ್ಲಿ ಇದನ್ನು 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಲೋಕದ ಮುಂದಿಟ್ಟರು. ಕೋನಿನ ಹಿಂಬದಿಯ ಸದ್ದು ಮುಂಬದಿಯ ಸದ್ದನ್ನು ಅಳಿಸಿಹಾಕಬಾರದೆಂದು ಡಬ್ಬಿ ಬೇಕಾಯಿತು. 1954ರಲ್ಲಿ ಎಡ್ಗರ್ ವಿಲ್ಚರ್ ಸಣ್ಣ ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿ, ಮನೆಯೊಳಗೆ ಹಿಡಿಸುವ ಗಾತ್ರದಿಂದ ಆಳವಾದ ಮಂದ್ರವನ್ನು ಹೊರಡಿಸಿ ತೋರಿಸಿದರು.

ಎಲೆಕ್ಟ್ರೋಸ್ಟಾಟಿಕ್ ಸ್ಪೀಕರಿಗೆ ಕೋನೂ ಇಲ್ಲ, ಸುರುಳಿಯೂ ಇಲ್ಲ, ಡಬ್ಬಿಯೂ ಇಲ್ಲ. ರಂಧ್ರಗಳಿರುವ ಎರಡು ಲೋಹದ ಫಲಕಗಳ ನಡುವೆ ಕೆಲವೇ ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆಯೊಂದನ್ನು ಬಿಗಿದು ಕಟ್ಟಿರುತ್ತಾರೆ. ಹಾಳೆಗೆ ಕೆಲವು ಸಾವಿರ ವೋಲ್ಟಿನ ಸ್ಥಿರ ವಿದ್ಯುದಾವೇಶ. ಸಂಗೀತದ ಸಂಕೇತ ಫಲಕಗಳಿಗೆ ಹೋದಾಗ ಒಂದು ಹಾಳೆಯನ್ನು ಸೆಳೆಯುತ್ತದೆ, ಇನ್ನೊಂದು ದೂಡುತ್ತದೆ. ಹಾಳೆ ಇಡೀ ಮೈಯಿಂದ ಏಕಕಾಲಕ್ಕೆ ಆಡುತ್ತದೆ. ಇದನ್ನು ಮುಂದೆ ‘ಹಾಳೆ ಸ್ಪೀಕರ್’ ಎಂದೇ ಕರೆಯುತ್ತೇನೆ. ಸುರುಳಿಯ ಸ್ಪೀಕರನ್ನು ಕೊಟ್ಟ ಕೆಲಾಗ್ ಅವರೇ 1934ರಲ್ಲಿ ಹಾಳೆ ಸ್ಪೀಕರೊಂದಕ್ಕೂ ಪೇಟೆಂಟ್ ಪಡೆದರು. ಮನೆಯ ಸಂಗೀತಕ್ಕೆ ಪೂರ್ಣವಾಗಿ ಒದಗಿದ ಮೊದಲ ಹಾಳೆ ಸ್ಪೀಕರ್ ಎಂದರೆ ಇಂಗ್ಲೆಂಡಿನ ಹಂಟಿಂಗ್ಡನ್ನಿನಲ್ಲಿ ಪೀಟರ್ ವಾಕರ್ ಅವರ ಕ್ವಾಡ್ ಸಂಸ್ಥೆ 1957ರಲ್ಲಿ ಮಾರುಕಟ್ಟೆಗೆ ತಂದದ್ದು. ಅದರ ಮಂದ್ರದ ಫಲಕಗಳಿಗೆ 6,000 ವೋಲ್ಟ್, ತಾರದ ಫಲಕಕ್ಕೆ 1,500 ವೋಲ್ಟ್.

ಹಾಳೆಯ ಹಗುರತನವನ್ನು ಒಂದು ಲೆಕ್ಕದಿಂದ ಕಾಣಬಹುದು. 6 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆ ಒಂದು ಚದರ ಮೀಟರಿಗೆ ಸುಮಾರು 8 ಗ್ರಾಂ ತೂಗುತ್ತದೆ. ಅಷ್ಟೇ ಅಗಲದ, 7 ಮಿಲಿಮೀಟರ್ ದಪ್ಪದ ಗಾಳಿಯ ಪದರವೂ ಅಷ್ಟೇ ತೂಗುತ್ತದೆ. ಅಂದರೆ ತಾನು ನೂಕಬೇಕಾದ ಗಾಳಿಗಿಂತ ಈ ಹಾಳೆ ಭಾರವೇನಲ್ಲ. ತನ್ನ ಜಡತ್ವದಿಂದ ಸ್ವರವನ್ನು ಎಳೆಯುವುದಿಲ್ಲ, ಸದ್ದು ನಿಂತ ಮೇಲೆ ತಾನೂ ಬೇಗ ನಿಲ್ಲುತ್ತದೆ. ಡಬ್ಬಿಯ ಮರ ಕಂಪಿಸಿ ಸೇರಿಸುವ ಬಣ್ಣವೂ ಇಲ್ಲಿ ಇಲ್ಲ. ತಂಬೂರಿಯ ಜವಾರಿಯನ್ನು ಬಲ್ಲವರಿಗೆ ಇದರ ಬೆಲೆ ತಕ್ಷಣ ತಿಳಿಯುತ್ತದೆ. ಕುದುರೆಯ ಮೇಲೆ, ತಂತಿಯ ಅಡಿಗೆ ಸರಿಯುವ ಒಂದೆಳೆ ನೂಲು ಮೂಲಸ್ವರದ ಮೇಲೆ ಹತ್ತಾರು ಉಪಸ್ವರಗಳನ್ನು ಎಬ್ಬಿಸುತ್ತದೆ. ಸಿ.ವಿ. ರಾಮನ್ 1920ರ ಸುಮಾರಿಗೆ ನಮ್ಮ ತಂತಿವಾದ್ಯಗಳ ಮೇಲೂ ಚರ್ಮವಾದ್ಯಗಳ ಮೇಲೂ ಲೇಖನಗಳನ್ನು ಬರೆದು, ತಬಲಾ ಮೃದಂಗಗಳ ಕರಣೆ ಉಪಸ್ವರಗಳನ್ನು ಸುಸ್ವರದ ಕ್ರಮಕ್ಕೆ ತರುವುದನ್ನು ತೋರಿಸಿದ್ದರು. ಈ ಉಪಸ್ವರಗಳ ಹೆಣಿಗೆಯನ್ನು ಎಳೆ ಎಳೆಯಾಗಿ ಬಿಡಿಸಿ ಕೊಡುವುದರಲ್ಲಿ ಒಳ್ಳೆಯ ಹಾಳೆ ಸ್ಪೀಕರಿಗೆ ಸಾಟಿಯಾಗುವ ಡಬ್ಬಿ ಕಡಿಮೆ. ಇದು ನನ್ನ ಕಿವಿಯ ತೀರ್ಮಾನ; ಹಾಳೆಯ ಭೌತಶಾಸ್ತ್ರವೂ ಅದಕ್ಕೆ ಒತ್ತಾಸೆಯಾಗಿದೆ.

   

ಇನ್ನು ಮನೆಯ ವಿಚಾರ. ಹಾಳೆ ಸ್ಪೀಕರಿಗೆ ಡಬ್ಬಿ ಇಲ್ಲದ್ದರಿಂದ ಮುಂದಕ್ಕೆ ಹೋದಷ್ಟೇ ಸದ್ದು ಹಿಂದಕ್ಕೂ ಹೋಗುತ್ತದೆ. ಅಕ್ಕಪಕ್ಕಕ್ಕೆ ಮಾತ್ರ ಹೋಗುವುದಿಲ್ಲ: ಹಿಂದಿನ ಅಲೆ, ಮುಂದಿನ ಅಲೆ ಅಂಚಿನಲ್ಲಿ ಕೂಡಿ ಒಂದನ್ನೊಂದು ಅಳಿಸುತ್ತವೆ. ಸದ್ದಿನ ಹರಹು ಎಂಟರ ಅಂಕಿಯ ಆಕಾರದಲ್ಲಿರುತ್ತದೆ. ಡಬ್ಬಿಯಾದರೋ ಮಂದ್ರದಲ್ಲೂ ಮಧ್ಯದ ಕೆಳಭಾಗದಲ್ಲೂ ಸುತ್ತ ಎಲ್ಲ ದಿಕ್ಕಿಗೂ ಸದ್ದು ಚೆಲ್ಲುತ್ತದೆ. ಎದುರಿಗೆ ಕೂತವನಿಗೆ ಎರಡೂ ಒಂದೇ ಮಟ್ಟದಲ್ಲಿ ಕೇಳುವಂತೆ ಇಟ್ಟರೆ, ಹಾಳೆ ಸ್ಪೀಕರ್ ಕೋಣೆಯೊಳಕ್ಕೆ ಸುರಿಯುವ ಒಟ್ಟು ಸದ್ದು ಎಲ್ಲ ಕಡೆ ಚೆಲ್ಲುವ ಡಬ್ಬಿ ಸುರಿಯುವುದರ ಮೂರರಲ್ಲಿ ಒಂದು ಪಾಲು, ಡೆಸಿಬೆಲ್‌ನಲ್ಲಿ 4.8ರಷ್ಟು ಕಡಿಮೆ. ಕಲ್ಲುಮನೆಯಲ್ಲಿ ಇದು ದೊಡ್ಡ ಅನುಕೂಲ. ಅದೂ 200ರಿಂದ 1,000 ಹರ್ಟ್ಸ್ ನಡುವೆ, ಮನುಷ್ಯನ ಕಂಠ ನೆಲೆ ನಿಂತಿರುವ ಜಾಗದಲ್ಲಿ ಈ ಅನುಕೂಲ ಹೆಚ್ಚು, ಏಕೆಂದರೆ ಅದಕ್ಕಿಂತ ಮೇಲಿನ ಸ್ವರಗಳಲ್ಲಿ ಕೋನುಗಳೂ ಸದ್ದನ್ನು ಮುಂದಕ್ಕೇ ಕಳಿಸುತ್ತವೆ.

ಎಷ್ಟು ಅನುಕೂಲ? ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಪಡಸಾಲೆಯನ್ನು ತೆಗೆದುಕೊಳ್ಳೋಣ. 60 ಘನ ಮೀಟರ್ ಗಾಳಿ, 94 ಚದರ ಮೀಟರ್ ಮೈ. ಕಲ್ಲು, ಪರ್ಸಿ, ಗಾರೆ ಎಲ್ಲ ಕೂಡಿ ಬಿದ್ದ ಸದ್ದಿನಲ್ಲಿ ಸರಾಸರಿ ನೂರಕ್ಕೆ 3ರಷ್ಟನ್ನು ಹೀರುತ್ತವೆಂದು ಇಟ್ಟುಕೊಂಡರೆ, ವ್ಯಾಲೇಸ್ ಸೇಬೈನ್ ಅವರ ಸೂತ್ರದ ಪ್ರಕಾರ ಆ ಖಾಲಿ ಪಡಸಾಲೆಯ ಅನುರಣನ ಕಾಲ ಸುಮಾರು 3.4 ಸೆಕೆಂಡು. ಅಂದರೆ ಒಂದು ಸ್ವರ ಪೂರ್ತಿ ಸಾಯಲು ಇಷ್ಟು ಹೊತ್ತು ಬೇಕು. ದ್ರುತ್ ತಾನದಲ್ಲಿ ಅಷ್ಟರೊಳಗೆ ಇಪ್ಪತ್ತಕ್ಕೂ ಹೆಚ್ಚು ಸ್ವರಗಳು ಹೊರಟಿರುತ್ತವೆ. ಕಲಸಿಹೋಗದೆ ಮತ್ತೇನಾದೀತು!

ಅದೇ ಕೋಣೆಗೆ 8 ಚದರ ಮೀಟರ್ ಕೌದಿ ಹಾಕೋಣ, ಗೋಡೆಗೊಂದು, ನೆಲಕ್ಕೊಂದು. ಹಳೆ ಸೀರೆ, ಧೋತರಗಳ ಐದಾರು ಪದರ ಕೂಡಿಸಿ ಹೊಲಿದ ಕೌದಿ ಮಧ್ಯದ ಮತ್ತು ಮೇಲಿನ ಸ್ವರಗಳಲ್ಲಿ ಅರ್ಧದಷ್ಟು ಸದ್ದನ್ನು ನುಂಗುತ್ತದೆಂದು ಎಣಿಸಿದರೆ ಅನುರಣನ 1.5 ಸೆಕೆಂಡಿಗೆ ಇಳಿಯುತ್ತದೆ. ನಾಲ್ಕು ಜನ ಬಂದು ಕೂತರೆ 1.2. ಅಂಗಳದ ಕಡೆಯ ಬಾಗಿಲು ತೆರೆದಿಟ್ಟರೆ ಒಂದು ಸೆಕೆಂಡಿಗಿಂತ ಒಂದಿಷ್ಟು ಕಡಿಮೆ. ತೆರೆದ ಬಾಗಿಲಷ್ಟು ಚೆನ್ನಾಗಿ ಸದ್ದನ್ನು ಹೀರುವ ವಸ್ತು ಬೇರೆ ಯಾವುದೂ ಇಲ್ಲ: ಹೋದ ಸದ್ದು ಮರಳಿ ಬರುವುದೇ ಇಲ್ಲ.

ಸ್ಪೀಕರಿನಿಂದ ನೇರವಾಗಿ ಬರುವ ಸದ್ದು ಮತ್ತು ಗೋಡೆಗಳಿಂದ ಮರಳಿ ಬರುವ ಸದ್ದು ಸರಿಸಮವಾಗುವ ಒಂದು ದೂರವಿದೆ. ಅದರೊಳಗೆ ಕೂತವನಿಗೆ ಗಾಯಕ ಕೇಳುತ್ತಾನೆ, ಅದರಾಚೆ ಕೂತವನಿಗೆ ಕೋಣೆ ಕೇಳುತ್ತದೆ. ಖಾಲಿ ಪಡಸಾಲೆಯಲ್ಲಿ ಎಲ್ಲ ಕಡೆ ಸದ್ದು ಚೆಲ್ಲುವ ಡಬ್ಬಿಗೆ ಈ ದೂರ ಬರೀ 24 ಸೆಂಟಿಮೀಟರ್, ಒಂದು ಗೇಣಿಗೆ ತುಸು ಹೆಚ್ಚು. ಡಬ್ಬಿ ತೆಗೆದು ಹಾಳೆ ಸ್ಪೀಕರ್ ಇಟ್ಟರೆ ಅದು 1.7 ಪಟ್ಟು ಬೆಳೆಯುತ್ತದೆ. ಡಬ್ಬಿಯನ್ನು ಹಾಗೇ ಬಿಟ್ಟು ಕೌದಿ ಹಾಕಿ, ಜನರನ್ನು ಕೂಡಿಸಿ, ಬಾಗಿಲು ತೆರೆದರೆ 1.9 ಪಟ್ಟು. ಕಾಕಾ ಹೇಳಿದ್ದು ಲೆಕ್ಕದಲ್ಲೂ ಸರಿಯಾಗಿ ಬಂತು. ಎರಡನ್ನೂ ಮಾಡಿದರೆ ಗಳಿಕೆ ಒಂದಕ್ಕೊಂದು ಗುಣಿಸುತ್ತದೆ ಎಂಬುದನ್ನೂ ಹೇಳಬೇಕು. ಹುಡುಗನ ಆಸೆ ತಪ್ಪಲ್ಲ. ಆದರೆ ಒಂದರ ಖರ್ಚು ಲಕ್ಷಗಳಲ್ಲಿ, ಇನ್ನೊಂದು ಅಡ್ಡಗೋಡೆಯ ಮೇಲೆ ಮಡಚಿಟ್ಟಿದೆ.

ಕೌದಿಯ ಮಿತಿಯನ್ನೂ ಬರೆದಿಡುತ್ತೇನೆ. ಬಟ್ಟೆ ಸದ್ದನ್ನು ಹೀರುವುದು ಗಾಳಿ ಚಲಿಸುವ ಜಾಗದಲ್ಲಿ. ಗೋಡೆಗೆ ಒತ್ತಿ ತೂಗಿದರೆ ಅಲ್ಲಿ ಗಾಳಿ ಚಲಿಸುವುದೇ ಇಲ್ಲ. ಒಂದು ಗೇಣು ಮುಂದೆ, ಗಳಕ್ಕೆ ತೂಗಿಹಾಕಿದರೆ ಅದೇ ಕೌದಿ ಸುಮಾರು 400 ಹರ್ಟ್ಸ್‌ವರೆಗೂ ಕೆಳಗಿಳಿದು ಚೆನ್ನಾಗಿ ದುಡಿಯುತ್ತದೆ. ಅದಕ್ಕಿಂತ ಕೆಳಗೆ, ವಿಶೇಷವಾಗಿ 100 ಹರ್ಟ್ಸ್‌ನ ಆಚೀಚೆ, ಯಾವ ಬಟ್ಟೆಯೂ ಉಪಯೋಗಕ್ಕೆ ಬರುವುದಿಲ್ಲ.

ಕಲ್ಲುಮನೆಯ ನಿಜವಾದ ತೊಡಕು ಇರುವುದು ಆ ಮಂದ್ರದಲ್ಲೇ. ಹಲಗೆಯ ಗೋಡೆ ಮಂದ್ರದ ಸದ್ದಿಗೆ ತಾನೂ ಅಲುಗಿ ಅದನ್ನು ಹೊರಕ್ಕೆ ಸೋರಿಸುತ್ತದೆ. ಎರಡಡಿ ಕಲ್ಲು ಅಲುಗುವುದಿಲ್ಲ, ಸೋರಿಸುವುದೂ ಇಲ್ಲ. ಐದು ಮೀಟರ್ ಉದ್ದದ ಕೋಣೆಯಲ್ಲಿ ಉದ್ದಕ್ಕೆ ನಿಲ್ಲುವ ಅಲೆಗಳು 34 ಹರ್ಟ್ಸ್, ಮತ್ತೆ 69 ಹರ್ಟ್ಸ್‌ನ ಆಸುಪಾಸಿನಲ್ಲಿ ಬೀಳುತ್ತವೆ. ಕಾಲೀ ಏಕ್ ಶ್ರುತಿಯಲ್ಲಿ ಹಾಡುವ ಪುರುಷ ಗಾಯಕನ ತಂಬೂರಿಯ ಖರಜದ ತಂತಿಯ ಮೂಲಸ್ವರವೂ 69 ಹರ್ಟ್ಸ್! ಡಗ್ಗಾದ ತುಂಬುಸ್ವರವೂ ಅದೇ ನೆರೆಯಲ್ಲಿ ಸುಳಿಯುತ್ತದೆ. ಸ್ಪೀಕರನ್ನು ಉದ್ದದ ಕೊನೆಯ ಗೋಡೆಯ ಮಾಡದಲ್ಲಿ ಇಟ್ಟರೆ ಈ ಅಲೆಯನ್ನು ಅತಿ ಹೆಚ್ಚು ಎಬ್ಬಿಸುವ ಜಾಗದಲ್ಲೇ ಇಟ್ಟಂತಾಯಿತು. ಗೋಡೆಯ ಒತ್ತಾಸೆ ಸಿಕ್ಕು ಮಂದ್ರ ಇನ್ನೂ ಉಬ್ಬುತ್ತದೆ. ರಂಗಂಪೇಟೆಯ ಮನೆಯ ಗುಂಯ್‌ಕಾರಕ್ಕೆ ಇದೇ ಕಾರಣ. ಅಲ್ಲೇ ಪರೀಕ್ಷೆ ಮಾಡಿದೆವು. ಎರಡೂ ಡಬ್ಬಿಗಳನ್ನು ಮಾಡದಿಂದ ಇಳಿಸಿ, ಎರಡು ಮರದ ಸ್ಟೂಲುಗಳ ಮೇಲೆ, ಗೋಡೆಯಿಂದ ಎರಡು ಮೊಳ ಮುಂದೆ ಇಟ್ಟೆವು. ಅದೇ ಧ್ವನಿಮುದ್ರಿಕೆ, ಅದೇ ಮಟ್ಟ. ತಂಬೂರಿ ಗೋಡೆ ಬಿಟ್ಟು ಗಾಯಕನ ಹಿಂದೆ ಹೋಗಿ ಕೂತಂತಾಯಿತು. ಹುಡುಗ ಎದ್ದು ಹೋಗಿ ಖಾಲಿ ಮಾಡದೊಳಗೆ ಕಿವಿಯಿಟ್ಟು ನೋಡಿ ಬಂದ.

ಹಾಳೆ ಸ್ಪೀಕರ್ ಈ ನಿಂತ ಅಲೆಗಳನ್ನು ಅಷ್ಟಾಗಿ ಎಬ್ಬಿಸುವುದಿಲ್ಲ. ಗೋಡೆಯ ಬಳಿ ಗಾಳಿಯ ಒತ್ತಡ ಹೆಚ್ಚು, ಚಲನೆ ಕಡಿಮೆ. ಹಾಳೆ ದುಡಿಯುವುದು ಚಲನೆಯ ಮೇಲೆ. ಆದ್ದರಿಂದ ಅದರ ಮಂದ್ರ ಕಲ್ಲುಮನೆಯಲ್ಲೂ ಬಿಗಿಯಾಗಿ, ಸ್ವಚ್ಛವಾಗಿ ಕೇಳುತ್ತದೆ. ಆದರೆ ಕೇಳುವಷ್ಟು ಇದ್ದರೆ ತಾನೇ? 60 ಸೆಂಟಿಮೀಟರ್ ಅಗಲದ ಹಾಳೆಯಲ್ಲಿ ಸುಮಾರು 300 ಹರ್ಟ್ಸ್‌ನಿಂದ ಕೆಳಗೆ ಹಿಂದಿನ ಅಲೆ ಸುತ್ತಿ ಬಂದು ಮುಂದಿನದನ್ನು ಅಳಿಸಲು ತೊಡಗುತ್ತದೆ. ಅದನ್ನು ತುಂಬಿಕೊಡಲು ಹಾಳೆ ಹೆಚ್ಚು ದೂರ ಆಡಬೇಕು. ಫಲಕಗಳ ನಡುವಿನ ಸಂದು ಕೆಲವೇ ಮಿಲಿಮೀಟರ್. ಹೆಚ್ಚು ಒತ್ತಿದರೆ ಕಿಡಿ ಹಾರಿ ಹಾಳೆ ತೂತಾಗುತ್ತದೆ. 1957ರ ಕ್ವಾಡ್‌ಗೆ ಈ ದೌರ್ಬಲ್ಯ ಎದ್ದು ಕಾಣುವಂತಿತ್ತು. 1981ರ ಅದರ ಮುಂದಿನ ಮಾದರಿ ವೃತ್ತಾಕಾರದ ವಲಯಗಳಿಗೆ ಸಂಕೇತವನ್ನು ತುಸು ತುಸು ತಡಮಾಡಿ ಕೊಟ್ಟು, ಹಾಳೆಯ ಹಿಂದಿನ ಒಂದು ಬಿಂದುವಿನಿಂದ ಸದ್ದು ಬಂದಂತೆ ಮಾಡಿತು. ಎದುರಿನ ಒಂದೇ ಜಾಗದಲ್ಲಿ ಕೂತರೆ ಮಾತ್ರ ಸರಿಯಾಗಿ ಕೇಳುವ ಇಕ್ಕಟ್ಟು ಅದರಿಂದ ಕಡಿಮೆಯಾಯಿತು, ಗಟ್ಟಿ ಸದ್ದಿನ ಮಿತಿ ಉಳಿಯಿತು. ಮಂದ್ರಕ್ಕೆ ಮಾತ್ರ ಡಬ್ಬಿಯ ಕೋನು, ಉಳಿದದ್ದಕ್ಕೆ ಹಾಳೆ ಎಂಬ ಮಿಶ್ರ ಮಾದರಿಗಳು ಅಮೆರಿಕದಲ್ಲೂ, ನಮ್ಮ ನೆರೆಯ ಪುಣೆಯಲ್ಲೂ ತಯಾರಾದದ್ದು ಇದೇ ಕಾರಣಕ್ಕೆ.

ಹಾಗಾದರೆ ಈ ಸೀಮೆಯವರು ಕೇಳುವುದೇನು ಎಂಬುದೂ ತೀರ್ಪಿನ ಭಾಗ. ಕಡಕೋಳ ಮಡಿವಾಳಪ್ಪನ ಪರಂಪರೆಯ ತತ್ವಪದಗಳು ಏಕತಾರಿ, ದಮ್ಮಡಿ, ತಾಳದ ಮೇಲೆ ನಡೆಯುತ್ತವೆ. ಅಲ್ಲಿ ಒಂದು ಕಂಠ, ಅದರ ಹಿಂದೆ ಮೇಳದ ದನಿ. ಮಾತು ಸ್ಪಷ್ಟವಾಗಿ ಕೇಳುವುದೇ ಮುಖ್ಯ. ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನಕ್ಕೂ ಇದೇ ಮಾತು. ಇಂಥ ಸಂಗೀತಕ್ಕೆ ಹಾಳೆ ಸ್ಪೀಕರ್ ಹೇಳಿ ಮಾಡಿಸಿದಂತಿದೆ. ಮೊಹರಂ ಪದದ ಹಲಗಿ ಬಂದರೆ, ಡೊಳ್ಳು ಬಂದರೆ ಅದು ಸೋಲುತ್ತದೆ. ಹಲಗಿಯ ಪೆಟ್ಟಿಗೆ ಬೇಕಾದ ಗಾಳಿಯನ್ನು ನೂಕುವ ದೂರ ಅದರಲ್ಲಿಲ್ಲ. ಇನ್ನು 78ರ ತಟ್ಟೆಗಳಿಂದ ಇಳಿಸಿದ ಹಳೆಯ ಧ್ವನಿಮುದ್ರಿಕೆಗಳಲ್ಲಿ ಮೇಲಿನ ಸ್ವರಗಳೇ ಇಲ್ಲ. ಹಾಳೆಯ ತಾರದ ಸೊಬಗು ಅಲ್ಲಿ ಗೀರಿನ ಸದ್ದನ್ನು ಸ್ವಚ್ಛವಾಗಿ ಕೇಳಿಸುವುದಕ್ಕೇ ಹೆಚ್ಚು ಖರ್ಚಾಗುತ್ತದೆ.

ಒಂದು ಸಂಗತಿ ಮಾತ್ರ ಹಾಳೆಯ ಪರವಾಗಿ ಅನಿರೀಕ್ಷಿತವಾಗಿ ಕಂಡಿತು. ನಮ್ಮಲ್ಲಿ ಸಂಗೀತ ಕೇಳುವವರು ಜಮಖಾನೆಯ ಮೇಲೆ ಕೂರುತ್ತಾರೆ; ಕಿವಿ ನೆಲದಿಂದ ಮುಕ್ಕಾಲು ಮೀಟರ್ ಎತ್ತರದಲ್ಲಿರುತ್ತದೆ. ಹಳೆಯ ಕ್ವಾಡ್ ಸುಮಾರು 80 ಸೆಂಟಿಮೀಟರ್ ಎತ್ತರದ್ದು, ನೆಲದ ಮೇಲೆ ಗಿಡ್ಡ ಕಾಲಿನಲ್ಲಿ ನಿಲ್ಲುವಂಥದ್ದು. ಸೋಫಾದಲ್ಲಿ ಕೂರುವವರು ಅದನ್ನು ಎತ್ತರದ ಸ್ಟ್ಯಾಂಡಿನ ಮೇಲೆ ಏರಿಸಿಕೊಳ್ಳಬೇಕಾಯಿತು. ನೆಲದ ಮೇಲೆ ಕೂತ ನಮ್ಮವರಿಗೆ ಅದು ಇದ್ದ ಹಾಗೇ ಸರಿಯಾದ ಎತ್ತರ.

ಕರೆಂಟು ಹೋಗುವ ಊರಿನಲ್ಲಿ ಹಾಳೆ ಸ್ಪೀಕರ್ ನಡೆಯದು ಎನ್ನುವವರಿದ್ದಾರೆ. ಇದು ಸರಿಯಾದ ಆಕ್ಷೇಪವಲ್ಲ. ಅದರ ಆವೇಶಕ್ಕೆ ಬೇಕಾದದ್ದು ಕೆಲವೇ ವ್ಯಾಟ್, ಮನೆಯ ಇನ್ವರ್ಟರ್ ಸಾಕು. ಆಂಪ್ಲಿಫೈಯರಿಗೆ ಹೇಗೂ ಕರೆಂಟು ಬೇಕೇ ಬೇಕು. ಧೂಳಿನ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಆವೇಶವಿರುವ ಹಾಳೆ ಗಾಳಿಯಲ್ಲಿನ ಧೂಳನ್ನು, ಹತ್ತಿಯ ಎಳೆಯನ್ನು ಸೆಳೆಯುತ್ತದೆ. ಯಾದಗಿರಿ, ಶಹಾಪುರದ ಜಿನ್ನಿಂಗ್ ಕಾಲದ ಗಾಳಿ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಬೇಸಿಗೆಯ ಒಣಹವೆ ಹಾಳೆಗೆ ಹಿತ. ಮಳೆಗಾಲದ ತೇವ, ಅದರ ಮೇಲೆ ಕಾಲುವೆ ನೀರಿನ ಭತ್ತದ ಗದ್ದೆಗಳ ತೇವ, ಧೂಳಿನೊಂದಿಗೆ ಕೂಡಿದಾಗ ಆವೇಶ ಸೋರಿ ಸದ್ದು ಕುಗ್ಗುತ್ತದೆ, ಚಿಟಿಚಿಟಿ ಎನ್ನತೊಡಗುತ್ತದೆ. ಆಗ ಹಾಳೆಯನ್ನು ಹೊಸದಾಗಿ ಬಿಗಿದು ಕಟ್ಟುವ ಕೈ ಬೇಕು. ಕೋನು ಹರಿದರೆ, ಕಾಯಿಲ್ ಸುಟ್ಟರೆ ಕೆಲಸ ಸುಲಭ. ಮೈಕ್ ಸೆಟ್ಟಿನವರನ್ನು ನೋಡಿಕೊಳ್ಳುವ ಅಂಗಡಿಯವನೇ ಹೈದರಾಬಾದಿನ ಕೋಠಿಯಿಂದ ಸಾಮಾನು ತರಿಸಿ ಕೂಡಿಸಿಕೊಡುತ್ತಾನೆ. ವಸ್ತುವೊಂದು ಮನೆಯಲ್ಲಿ ಇಪ್ಪತ್ತು ವರ್ಷ ಬಾಳಬೇಕಾದರೆ ರಿಪೇರಿಯ ಕೈ ಹತ್ತಿರ ಇರಬೇಕೆಂಬುದನ್ನು ನಾನು ಧ್ವನಿಯ ಗುಣದಷ್ಟೇ ಮುಖ್ಯವೆಂದು ಎಣಿಸುತ್ತೇನೆ.

ಜಾಗದ ಮಾತೂ ಉಂಟು. ಹಾಳೆ ಸ್ಪೀಕರ್ ಹಿಂದಿನ ಗೋಡೆಯಿಂದ ಒಂದೂವರೆ ಮೀಟರಾದರೂ ಮುಂದೆ ನಿಲ್ಲಬೇಕು. ಆಗ ಹಿಂದಿನ ಅಲೆ ಗೋಡೆಗೆ ಬಡಿದು ಬರಲು ಸುಮಾರು 9 ಮಿಲಿಸೆಕೆಂಡು ಹಿಡಿದು, ಕಿವಿ ಅದನ್ನು ಕಲಬೆರಕೆಯೆಂದು ಎಣಿಸದೆ ಹರಹು ಎಂದು ಎಣಿಸುತ್ತದೆ. ಕಾಳಿನ ಚೀಲ, ಮಕ್ಕಳ ಓದು, ಬಂದವರ ಚಹಾ ಎಲ್ಲ ನಡೆಯುವ ಪಡಸಾಲೆಯಲ್ಲಿ ಅಷ್ಟು ನೆಲವನ್ನು ಖಾಲಿ ಬಿಡುವುದು ಸುಲಭವಲ್ಲ.

ಯಾದಗಿರಿ, ಶಹಾಪುರ, ಸುರಪುರದ ಕಲ್ಲಿನ ಪಡಸಾಲೆಗಳಿಗೆ ನನ್ನ ತೀರ್ಪು ಇದು. ಪ್ರತ್ಯೇಕ ಕೋಣೆ, ಧೂಳು ಬಾರದ ಬಾಗಿಲು, ಕಂಠಸಂಗೀತವೇ ಪ್ರಾಣವೆನ್ನುವ ಕೇಳುಗ, ಈ ಮೂರೂ ಇದ್ದಲ್ಲಿ ಹಾಳೆ ಸ್ಪೀಕರ್, ಅದರಲ್ಲೂ ಮಂದ್ರಕ್ಕೆ ಕೋನಿರುವ ಮಿಶ್ರ ಮಾದರಿ, ಕೊಟ್ಟ ಹಣಕ್ಕೆ ಮೋಸವಿಲ್ಲ. ಉಳಿದೆಲ್ಲ ಮನೆಗಳಿಗೆ ಆರೂವರೆ ಇಂಚಿನ ಕೋನಿರುವ, ರಂಧ್ರವಿಲ್ಲದ ಮುಚ್ಚಿದ ಡಬ್ಬಿಯೇ ಸರಿ. ಮುಚ್ಚಿದ ಡಬ್ಬಿಯ ಮಂದ್ರ ಮೆಲ್ಲಗೆ ಇಳಿಯುವುದರಿಂದ ಕಲ್ಲುಗೋಡೆ ಕೊಡುವ ಒತ್ತಾಸೆ ಅದಕ್ಕೆ ಹೊಂದುತ್ತದೆ. ರಂಧ್ರದ ಡಬ್ಬಿ ಅದೇ ಗೋಡೆಯೊಡನೆ ಸೇರಿ ಉಬ್ಬುತ್ತದೆ. ಮುಚ್ಚಿದ ಡಬ್ಬಿಯನ್ನೂ ಮಾಡದಲ್ಲಿ ಇಡಬೇಡಿ. ಕೂತವರ ಕಿವಿಯ ಎತ್ತರಕ್ಕೆ, ಗೋಡೆಯಿಂದ ಎರಡು ಮೊಳ ಮುಂದೆ ಇಡಿ. ಮತ್ತು ಹೊಸದಕ್ಕೆ ಹಣ ಹೊಂದಿಸುವ ಮೊದಲು ಒಂದು ಸಂಜೆ, ಎದುರಿನ ಗೋಡೆಗೆ ಒಂದು ಗೇಣು ಬಿಟ್ಟು ಮನೆಯ ಕೌದಿಯನ್ನು ತೂಗಿಹಾಕಿ, ಬಾಗಿಲು ತೆರೆದು, ಇರುವ ಡಬ್ಬಿಯಲ್ಲೇ ನಿಮಗೆ ಚೆನ್ನಾಗಿ ಗೊತ್ತಿರುವ ಪದವೊಂದನ್ನು ಹಚ್ಚಿ ಕೇಳಿ.